ಹೊಸ್ತಿಲ ಮೇಲಿನ ಹಿಟ್ಟು

ಸಂಜೆಯ ಊಟ ಮುಗಿಸಿ, ಇನ್ನೂ ಬೆಳಕಿರುವಾಗಲೇ, ಅಡುಗೆಮನೆಯ ಹೊಸ್ತಿಲಿನ ಒಳಬದಿಗೆ ನಾನು ಒಂದು ಹಿಡಿ ಜೋಳದ ಹಿಟ್ಟು ಉದುರಿಸುತ್ತೇನೆ. ಅಂಗೈಯಿಂದ ತೆಳ್ಳಗೆ ಹರವುತ್ತೇನೆ. ಅಜ್ಜಿ ಇರುವೆಗೆ ಹಾಕುತ್ತಾಳೆ, ಪುಣ್ಯದ ಕೆಲಸ ಎಂದು ಮೊಮ್ಮಕ್ಕಳು ತಿಳಿದಿದ್ದಾರೆ. ತಿಳಿಯಲಿ. ಇರುವೆಗೂ ಅದರಲ್ಲಿ ಪಾಲಿದೆ.

ಇದನ್ನು ನಾನು ಕಲಿತದ್ದು ನನ್ನ ಅತ್ತೆಯಿಂದ. ಪುಣ್ಯಕ್ಕೆಂದು ಕಲಿತದ್ದಲ್ಲ.

ನಮ್ಮದು ಬೆಲ್ಲದಂಗಡಿಯ ಮನೆ. ಹೊಸ ಸೊಸೆ ಬಂದ ದಿನ ಅವಳನ್ನು ಅಂಗಡಿಯ ದೊಡ್ಡ ತಕ್ಕಡಿಯಲ್ಲಿ ಕೂರಿಸಿ, ಎದುರಿನ ತಟ್ಟೆಯಲ್ಲಿ ಹತ್ತತ್ತು ಕಿಲೋದ ಬೆಲ್ಲದ ಪೆಂಟೆಗಳನ್ನಿಟ್ಟು ತೂಗಿ, ಅಷ್ಟೂ ಬೆಲ್ಲವನ್ನು ಓಣಿಗೆ ಹಂಚುವುದು ಮನೆತನದ ಪದ್ಧತಿ. ವರ್ಷ ತುಂಬಿದ ದಿನ ಇನ್ನೊಮ್ಮೆ ಹಾಗೆಯೇ. ಹಿರಿಸೊಸೆಯಾದ ನಾನು ಎರಡು ಸಲವೂ ನಾಲ್ಕು ಪೆಂಟೆ ತೂಗಿದ್ದೆ. "ಗಾಳಿ ಉಂಡು ಬದುಕತಾಳ ಈಕಿ, ನಮ್ಮ ಬಾಯಿಗೆ ಬೆಲ್ಲಾನೂ ಕಡಿಮಿ" ಎಂದು ಓಣಿಯವರು ನಕ್ಕಿದ್ದರು. ಮೈದುನ ಪಾಯಪ್ಪನ ಹೆಂಡತಿ ಚಂದವ್ವ ಬಂದ ದಿನ ತೂಗಿದ್ದು ನಾಲ್ಕೂವರೆ.

ಚಂದವ್ವನ ತವರಿನಲ್ಲಿ ಬಸದಿಯ ನೇಮ ಗಟ್ಟಿಯಾಗಿತ್ತು. ಹೊತ್ತು ಮುಳುಗುವ ಮೊದಲೇ ಉಂಡು ತಾಟು ತೊಳೆದಿಡುವ ಜನ. ನಮ್ಮ ಮನೆಯಲ್ಲೂ ಮೊದಲು ಹಾಗೆಯೇ ಇತ್ತಂತೆ. ಪಾಯಪ್ಪ ನೂಲಿನ ಮಿಲ್ಲು ಸೇರಿ ಎರಡನೆಯ ಪಾಳಿ ಹಿಡಿದ ಮೇಲೆ ಅದು ತಪ್ಪಿತು. ಆದರೆ ಗಂಡ ಉಂಡ ಮೇಲೆಯೇ ಹೆಂಡತಿ ಉಣ್ಣಬೇಕೆನ್ನುವ ನೇಮವನ್ನು ಅತ್ತೆ ಬಿಡಲಿಲ್ಲ. ಪಾಯಪ್ಪ ಹಗಲು ಬುತ್ತಿ ಕಟ್ಟಿಸಿಕೊಂಡು ಹೋದರೆ ಊರು ಮಲಗಿದ ಮೇಲೆ ಬರುತ್ತಿದ್ದ. ಅವನು ಬಂದು ಉಂಡ ಮೇಲೆ ಚಂದವ್ವನ ಊಟ. ಇಡೀ ದಿನಕ್ಕೆ ಅದೊಂದೇ.

"ಯಕ್ಕಾ, ಹಗಲೆಲ್ಲಾ ಹೊಟ್ಟಿ ಕೂಗತದ," ಎಂದು ರೊಟ್ಟಿ ಬಡಿಯುತ್ತಾ ಒಂದು ದಿನ ಅವಳು ಹೇಳಿದಳು. "ಹೊತ್ತು ಮುಳುಗಿದ ಮ್ಯಾಲ ಕೂಗಿ ಕೂಗಿ ಸುಮ್ಮನಾಗತದ. ಆಮ್ಯಾಲ ಅವರು ಬಂದಾಗ ತುಂಬೂದು, ತುಂಬಿದ ಕೂಡಲೇ ಮಲಗೂದು. ಮಲಗಿದ ಮನಿಗೆ ಬೀಗರು ಬಂದಂಗ."

"ರೂಢಿ ಆಗತದ ಬಿಡ," ಎಂದೆ.

ಮೈಗೆ ರೂಢಿಯಾಗಲಿಲ್ಲ. ಆರು ತಿಂಗಳಿಗೆ ಅವಳ ಕುಪ್ಪಸದ ತೋಳು ಬಿಗಿದವು, ಬಳೆ ಮೊಣಕೈಯತ್ತ ಸರಿಯದಾದವು. ದಿನವಿಡೀ ಉಪವಾಸವಿದ್ದವಳು ಹೀಗೇಕೆ ತುಂಬಿಕೊಳ್ಳುತ್ತಿದ್ದಾಳೆಂದು ಯಾರಿಗೂ ತಿಳಿಯಲಿಲ್ಲ. ಅದೇ ವೇಳೆಗೆ ಉಗ್ರಾಣದ ಬುಟ್ಟಿಯಲ್ಲಿ ರೊಟ್ಟಿ ಕಡಿಮೆಯಾಗುವುದು, ಬೆಲ್ಲದ ಅಂಚು ಮುರಿದಿರುವುದು ಅತ್ತೆಯ ಕಣ್ಣಿಗೆ ಬಿತ್ತು. ಎರಡನ್ನೂ ಕೂಡಿಸಲು ಅವರಿಗೆ ತಡವಾಗಲಿಲ್ಲ.

"ಉಗ್ರಾಣದ ಹೊಸ್ತಿಲಿಗೆ ದಿನಾ ಹಿಟ್ಟು ಹರವು," ಎಂದು ನನ್ನನ್ನು ಒಳಗೆ ಕರೆದು ಹೇಳಿದರು. "ಹೆಜ್ಜಿ ಬಿದ್ದ ದಿನ ನನಗ ತೋರಿಸು."

ಹರವಿದೆ. ದಿನಾ ಸಂಜೆ ನೋಡಿದರೆ ಹಿಟ್ಟು ಹರವಿದ ಹಾಗೇ ಇರುತ್ತಿತ್ತು. ಬುಟ್ಟಿಯಲ್ಲಿ ಮಾತ್ರ ಒಂದೊಂದು ರೊಟ್ಟಿ ಕಡಿಮೆ.

"ಹೆಜ್ಜಿ ಇಲ್ಲ, ಅತ್ತಿ," ಎಂದೆ.

"ಹಾರಿ ದಾಟತಾಳ," ಎಂದರು ಅತ್ತೆ. "ಮೈ ಬೆಳೆದರೂ ಕಾಲು ಚುರುಕದಾವ."

ವರ್ಷ ತುಂಬಿತು. ಓಣಿಯ ಹೆಂಗಸರೆಲ್ಲ ಅಂಗಡಿಯ ಮುಂದೆ ಸೇರಿದರು. ಚಂದವ್ವ ತಕ್ಕಡಿಯಲ್ಲಿ ಕೂತಳು. ನಾಲ್ಕೂವರೆ ಇಟ್ಟರು, ಅವಳ ತಟ್ಟೆ ನೆಲ ಬಿಡಲಿಲ್ಲ. ಐದಿಟ್ಟರು. ಐದೂವರೆಗೆ ಮೆಲ್ಲಗೆ ಎದ್ದಿತು.

"ಈ ಸಲ ಓಣಿಗೆ ಸುಗ್ಗಿ," ಎಂದಳೊಬ್ಬಳು. "ಉಪವಾಸದ ಊಟ ಎಲ್ಲಿ ಸಿಗತದವ್ವಾ? ನಮಗೂ ಹೇಳ."

ನಗು ಎದ್ದಿತು. ಅತ್ತೆ ನಗಲಿಲ್ಲ. "ಮನಿಯೊಳಗ ಕಳ್ಳಿ ಇದ್ದರ ಹಿಂಗ ತೂಗತದ," ಎಂದರು ಎಲ್ಲರೆದುರಿಗೆ. ಚಂದವ್ವ ತಕ್ಕಡಿಯಿಂದ ಇಳಿಯದೆ, "ಅತ್ತಿ, ದೇವರಾಣಿ, ನಾ ಹಗಲು ಒಂದು ತುತ್ತು ಮುಟ್ಟಿಲ್ಲ. ಬೇಕಾರ ಯಕ್ಕನ್ನ ಕೇಳ್ರಿ. ಹಿಟ್ಟು ಹರವಾಕಿ ಆಕೀನ," ಎಂದಳು.

ಎಲ್ಲರೂ ನನ್ನತ್ತ ನೋಡಿದರು. ನಾನು ಸೆರಗು ಸರಿಮಾಡಿಕೊಂಡೆ.

ಮೂರನೆಯ ದಿನ ಅವಳ ಅಪ್ಪನನ್ನು ಕರೆಸಿದರು. ಅವರು ಜಗಲಿಯ ಮೇಲೆ ನೀರೂ ಮುಟ್ಟದೆ ಕೂತಿದ್ದರು. ಚಂದವ್ವ ಗಂಟು ಹಿಡಿದು ಒಳಗಿನಿಂದ ಬಂದವಳು ಉಗ್ರಾಣದ ಮುಂದೆ ನಿಂತಳು. ನಾನು ಆಗಷ್ಟೇ ಹಿಟ್ಟು ಹರವಿ ಏಳುತ್ತಿದ್ದೆ. ಅವಳು ಬಲಗಾಲೆತ್ತಿ ಹಿಟ್ಟಿನ ನಡುವೆ ಊರಿದಳು, ಮದುವೆಯ ದಿನ ಹೊಸ್ತಿಲು ದಾಟಿದಷ್ಟೇ ಮೆತ್ತಗೆ. ಮತ್ತೆ ಕಾಲು ಹಿಂದೆ ತೆಗೆದಳು.

"ಭಾಳ ದಿನಾ ಕಾದಿ, ಯಕ್ಕಾ," ಎಂದಳು. "ಒಂದು ಹೆಜ್ಜಿಯರೆ ಇರಲಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ನಾನು ಹಿಟ್ಟು ಗುಡಿಸುವಷ್ಟರಲ್ಲಿ ಅತ್ತೆ ಬಂದರು, ಹೆಜ್ಜೆ ಕಂಡರು. ಮರುದಿನ ಮುಂಜಾನೆಯವರೆಗೆ ಅದನ್ನು ಗುಡಿಸಗೊಡಲಿಲ್ಲ. ಪಾಯಪ್ಪ ಎದ್ದಾಗ ಕೈಹಿಡಿದು ಕರೆತಂದು ತೋರಿಸಿದರು. ಅವನು ಮಾವನ ಊರಿಗೆ ಹೋಗಿ ಹೆಂಡತಿಯನ್ನು ಕರೆತರಲು ಹೊರಟಿದ್ದ, ಅಂಗಿ ಹಾಕಿಕೊಂಡಾಗಿತ್ತು. ಬಹಳ ಹೊತ್ತು ಬಗ್ಗಿ ನೋಡಿದ.

"ಇದು ಆಕೀದ ಏನು, ವೈನಿ?" ಎಂದು ನನ್ನನ್ನು ಕೇಳಿದ.

"ಹೌದಪ್ಪಾ. ಆಕೀದ," ಎಂದೆ.

ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಪಾಯಪ್ಪ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. ಚಂದವ್ವ ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ.

ಇನ್ನು ಹೇಳಿಬಿಡುತ್ತೇನೆ. ರೊಟ್ಟಿ ತಿನ್ನುತ್ತಿದ್ದವಳು ನಾನು. ನನ್ನ ಗಂಡ ಅಂಗಡಿಯಿಂದ ಉಣ್ಣಲು ಬರುತ್ತಿದ್ದದ್ದು ಮೂರರ ಹೊತ್ತಿಗೆ. ಅಷ್ಟು ತಡೆಯುವ ಹೊಟ್ಟೆ ನನ್ನದಾಗಿರಲಿಲ್ಲ. ಬಿಸಿಲೇರುವ ಮುಂಚೆ ಉಗ್ರಾಣ ಹೊಕ್ಕು ಒಂದು ರೊಟ್ಟಿ, ಒಂದು ಚೂರು ಬೆಲ್ಲ. ಮದುವೆಯಾದಾಗಿನಿಂದ ಹಾಗೆಯೇ. ತಿಂದು ಹೊರಬಂದು, ಬಾಯಿ ಒರೆಸಿಕೊಂಡು, ನನ್ನ ಕೈಯಿಂದಲೇ ಹಿಟ್ಟು ಹರವುತ್ತಿದ್ದೆ. ಹೆಜ್ಜೆ ಎಲ್ಲಿಂದ ಬೀಳಬೇಕು?

ಆದರೂ ಒಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಅವಳೂ ಎಲ್ಲೋ ಕದ್ದು ತಿಂದಿರಬೇಕು, ಇಲ್ಲದಿದ್ದರೆ ಐದೂವರೆ ಪೆಂಟೆ ಹೇಗೆ ತೂಗುತ್ತಾಳೆ, ನಾನು ನಾಲ್ಕೇ ಹೇಗೆ ಉಳಿಯುತ್ತೇನೆ ಎಂದು. ವರ್ಷದ ಮೇಲೆ ಬಳೆಗಾರ ನನ್ನ ಕೈಗೆ ಬಳೆ ಏರಿಸುತ್ತಾ, "ನಿಮ್ಮ ಚಂದವ್ವ ತವರಿನಾಗ ಮೊದಲಿನಂಗ ಆಗ್ಯಾಳ. ಹೊತ್ತಿರೂತನಾ ಎರಡು ಸಲ ಉಣ್ತಾಳ, ಹಳೇ ಅಳತಿ ಬಳಿನ ಸರಿಹೋದವು," ಎಂದ. ಆಗ ನನ್ನ ಸಮಾಧಾನಕ್ಕೆ ಬಿರುಕು ಬಿಟ್ಟಿತು. ಕೊರಗಿ ಸೊರಗಿರಬೇಕೆಂದು ತೇಪೆ ಹಚ್ಚಿದೆ.

ಆ ತೇಪೆ ಹರಿದದ್ದು ಮುದುಕಿಯಾದ ಮೇಲೆ. ಸಕ್ಕರೆ ಕಾಯಿಲೆಯೆಂದು ಸೊಸೆ ದವಾಖಾನೆಗೆ ಕರೆದೊಯ್ದಳು. ಡಾಕ್ಟರ್ ಹುಡುಗಿ, "ಅಜ್ಜೀ, ಏನು ಉಂಡ್ರಿ ಅನ್ನೂದಷ್ಟೇ ಅಲ್ಲ, ಯಾವಾಗ ಉಂಡ್ರಿ ಅನ್ನೂದೂ ಲೆಕ್ಕಕ್ಕ ಬರತದ," ಎಂದಳು. "ಹಗಲು ಮೈ ಉರಿಯೋ ಒಲಿ ಇದ್ದಂಗ. ರಾತ್ರಿ ಬೂದಿ ಮುಚ್ಚಿದ ಕೆಂಡ. ಆಗ ಹಾಕಿದ ಕಟ್ಟಿಗಿ ಪೂರಾ ಉರಿಯೂದಿಲ್ಲ. ಎಲ್ಲಾರಿಗೂ ಒಂದೇ ಸಮ ಅಲ್ಲ, ಆದರ ಭಾಳ ಮಂದಿಗೆ ತಡರಾತ್ರಿ ಊಟ ಮೈಯಾಗ ಕೂಡತದ. ಹೊತ್ತಿರೂತನಾ ಉಣ್ರಿ."

"ಕದ್ದು ತಿನ್ನದಿದ್ದರೂ ಕೂಡತದೇನವ್ವಾ?" ಎಂದು ಕೇಳಿದೆ.

ಅವಳು ನಕ್ಕಳು. ಸೊಸೆಯೂ ನಕ್ಕಳು.

ಆ ವಾರವೇ ಚಂದವ್ವನ ಊರಿಗೆ ಹೇಳಿ ಕಳಿಸಿದೆ. ಅವಳು ತೀರಿಕೊಂಡು ಎರಡು ವರ್ಷವಾಗಿತ್ತು.

ಅಂದಿನಿಂದ ಹೊತ್ತು ಮುಳುಗುವ ಮೊದಲೇ ಉಣ್ಣುತ್ತೇನೆ, ತಾಟು ತೊಳೆದಿಡುತ್ತೇನೆ, ಹಿಟ್ಟು ಹರವುತ್ತೇನೆ. ಮುಂಜಾನೆ ಎದ್ದು ಬಗ್ಗಿ ನೋಡುತ್ತೇನೆ. ಹಿಟ್ಟು ಹರವಿದ ಹಾಗೇ ಇರುತ್ತದೆ. ಇರುವೆಗಳು ಹೊತ್ತೊಯ್ದ ಕಡೆ ಮಾತ್ರ ನೆಲ ಕಾಣುತ್ತದೆ, ಒಂದು ಹಿಮ್ಮಡಿಯಷ್ಟು. ಅದನ್ನು ತುಳಿಯದೆ ದಾಟಿ ಒಳಗೆ ಹೋಗಿ ಒಲೆ ಹಚ್ಚುತ್ತೇನೆ.