ಹೋಂ ಪ್ಲೇಟನ್ನು ತುಳಿಯಬೇಕಿತ್ತು

ನಾನು ಒಂದು ರಬ್ಬರ್ ಹಲಗೆ. ಐದು ಮೂಲೆ, ಬಿಳಿ ಬಣ್ಣ. ಬೇಸ್‌ಬಾಲ್ ಆಡುವವರು ನನ್ನನ್ನು ಹೋಂ ಪ್ಲೇಟ್ ಎನ್ನುತ್ತಾರೆ. ಹುಟ್ಟಿದ್ದು ಮದ್ದೂರಿನ ಒಂದು ಟೈರ್ ರೀಟ್ರೆಡಿಂಗ್ ಅಂಗಡಿಯಲ್ಲಿ. ದಾದಾಪೀರ್ ಸಾಬರು ದಪ್ಪ ರಬ್ಬರ್ ಹಾಳೆಯನ್ನು ನೆಲಕ್ಕೆ ಹಾಸಿ, ಹದಿನೇಳು ಇಂಚು ಅಗಲಕ್ಕೆ ಅಳೆದು ನನ್ನನ್ನು ಕೊಯ್ದರು. ಅಂಚು ಉಜ್ಜುತ್ತಾ, "ಇದ್ಯಾತಕ್ಕೆ ಸಾರ್?" ಎಂದು ಕೇಳಿದರು.

"ತುಳಿಯಕ್ಕೆ," ಎಂದರು ಚಿಕ್ಕಲಿಂಗಯ್ಯ.

ಅವರು ಅಲ್ಲಿನ ಕಾಲೇಜೊಂದರಲ್ಲಿ ಆಟ ಕಲಿಸುವ ಮೇಷ್ಟ್ರು. ತುಳಿಯಕ್ಕೆ ಎಂದು ಅವರ ಬಾಯಿಂದಲೇ ಬಂದದ್ದು, ನಾನೇನೂ ಕಟ್ಟಿ ಹೇಳುತ್ತಿಲ್ಲ.

ಆಟ ಕಷ್ಟದ್ದಲ್ಲ. ಚೆಂಡು ಹೊಡೆದವಳು ಮೈದಾನದ ಮೂಲೆಗಳಲ್ಲಿರುವ ಮೂರು ಬೇಸುಗಳನ್ನು ಸುತ್ತಿಬಂದು ಕೊನೆಗೆ ನನ್ನನ್ನು ಮುಟ್ಟಬೇಕು. ಆಗ ಒಂದು ರನ್. ನನ್ನನ್ನು ಬಿಟ್ಟರೆ ಓಡಿದ್ದೆಲ್ಲ ದಂಡ. ಎರಡು ವರ್ಷ ಕಾಲೇಜಿನ ಹುಡುಗಿಯರು ನನ್ನನ್ನು ಚೆನ್ನಾಗಿ ತುಳಿದರು. ಎಲ್ಲರಿಗಿಂತ ಜೋರಾಗಿ ತುಳಿಯುತ್ತಿದ್ದವಳು ಗೌರಿ. ಮೊಣಕಾಲಿನಲ್ಲಿ ಯಾವಾಗಲೂ ಒಂದು ತರಚು ಗಾಯ. ಅವಳ ಬೂಟು ಬಿದ್ದರೆ ನನ್ನ ಮೈ ಜುಮ್ಮೆನ್ನುತ್ತಿತ್ತು, ಬಲು ಇಷ್ಟವಾಗುತ್ತಿತ್ತು.

ಮೂರನೆಯ ವರ್ಷ ಅಂತರಕಾಲೇಜು ಫೈನಲ್ ನಮ್ಮ ಮೈದಾನದಲ್ಲೇ ಬಿತ್ತು. ಹಿಂದಿನ ದಿನ ಪ್ರಿನ್ಸಿಪಾಲರು ಮೈದಾನಕ್ಕೆ ಬಂದು, "ಗೆದ್ದರೆ ಟೀಮು ಇರಲಿ ಕಣ್ರೀ. ಸೋತರೆ ಮುಂದಿನ ವರ್ಷದಿಂದ ಹೆಣ್ಮಕ್ಕಳಿಗೆ ಥ್ರೋಬಾಲ್ ಒಂದೇ ಸಾಕು," ಎಂದು ಹೇಳಿಹೋದರು. ಗೌರಿ ನನ್ನ ಪಕ್ಕದಲ್ಲೇ ಕುಳಿತು ಬೂಟಿನ ಲೇಸನ್ನು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಮಾಡುತ್ತಿದ್ದಳು.

ಮೇಷ್ಟ್ರಿಗೆ ಹೆದರಿಕೆ ಹತ್ತಿತು. ಬೆಳಿಗ್ಗೆ ನನ್ನನ್ನು ತೊಳೆಸಿದರು, ಅರಿಶಿನ ಕುಂಕುಮ ಹಚ್ಚಿಸಿದರು, ಸೇವಂತಿಗೆ ಇಟ್ಟು ಕರ್ಪೂರ ಹಚ್ಚಿ ಕಾಯಿ ಒಡೆದರು. ಆಯುಧಪೂಜೆಯಲ್ಲಿ ಟ್ರ್ಯಾಕ್ಟರಿಗೆ ಮಾಡುವ ಹಾಗೆ. ಕುಂಕುಮ ಇಟ್ಟವಳು ಗೌರಿಯೇ. ಅಲ್ಲಿಗೆ ನಿಲ್ಲಿಸಿದ್ದರೆ ನನ್ನದೇನೂ ತಕರಾರಿರಲಿಲ್ಲ.

"ನೋಡ್ರಮ್ಮಾ, ಪೂಜೆ ಆಯ್ತು. ಇನ್ಮೇಲೆ ಯಾರೂ ಬೂಟುಗಾಲಲ್ಲಿ ಇದನ್ನ ತುಳಿಬ್ಯಾಡಿ," ಎಂದರು ಮೇಷ್ಟ್ರು.

ಅಲ್ಲ ಸ್ವಾಮಿ, ನಿಮ್ಮ ತಲೆಯೊಳಗೆ ಏನಿತ್ತು? ಆಟ ಶುರುವಾಗುವ ಹೊತ್ತಿಗೆ ಆ ಮಾತನ್ನು ವಾಪಸ್ ತೆಗೆದುಕೊಳ್ಳಬೇಕಿತ್ತು. ಅವರು ಮರೆತರು. ಹುಡುಗಿಯರು ಮರೆಯಲಿಲ್ಲ. ಅಂಪೈರ್ ಕೂಡ ಬ್ರಷ್ಷಿನಿಂದ ಮಣ್ಣು ಗುಡಿಸುವಾಗ ಕುಂಕುಮವನ್ನು ಬಿಟ್ಟು ಗುಡಿಸಿದರು.

ಆರು ಸುತ್ತು ಮುಗಿದರೂ ಸೊನ್ನೆಗೆ ಸೊನ್ನೆ. ಎರಡೂ ಕಡೆಯವರಲ್ಲಿ ಒಬ್ಬಳೂ ನನ್ನವರೆಗೆ ಬಂದಿರಲಿಲ್ಲ. ಏಳನೆಯದು ಕೊನೆಯ ಸುತ್ತು. ನಮ್ಮವರಲ್ಲಿ ಇಬ್ಬರು ಔಟು, ಇನ್ನೊಬ್ಬಳು ಔಟಾದರೆ ಸುತ್ತು ಮುಗಿಯಿತು. ಗೌರಿ ಮೂರನೆಯ ಬೇಸಿನಲ್ಲಿ. ಚೆಂಡು ಬ್ಯಾಟಿಗೆ ಬಡಿದು ದೂರ ಹಾರಿತು. ಗೌರಿ ಓಡಿಬಂದಳು. ಬಾ ನನ್ನವ್ವ, ಬಾ ಎಂದು ನಾನು ಮೈಯೆಲ್ಲ ಬಿಗಿಹಿಡಿದು ಕಾದೆ.

ಅವಳು ನೆಗೆದಳು. ಕುಂಕುಮ ಕಂಡದ್ದೇ ತಡ, ಹೊಸ್ತಿಲು ದಾಟುವಂತೆ ನನ್ನನ್ನು ದಾಟಿಬಿಟ್ಟಳು. ಹುಡುಗಿಯರು ಕಿರುಚಿಕೊಂಡು ಅವಳನ್ನು ತಬ್ಬಿದರು. ನನ್ನ ಹಿಂದೆ ಕೂತು ಚೆಂಡು ಹಿಡಿಯುವ ಎದುರು ತಂಡದ ಕ್ಯಾಚರ್ ಒಬ್ಬಳೇ ಸುಮ್ಮನೆ ಚೆಂಡು ಹಿಡಿದುಬಂದು ಗೌರಿಯ ಭುಜಕ್ಕೆ ಮುಟ್ಟಿಸಿದಳು. ಗೌರಿ ನನ್ನನ್ನು ಮುಟ್ಟಿರಲಿಲ್ಲವಲ್ಲ, ಅಂಪೈರ್ ಔಟ್ ಎಂದರು. ಸರಿಯಾಗೇ ಹೇಳಿದರು. ಆಟ ಸಮವಾದ್ದರಿಂದ ಇನ್ನೊಂದು ಸುತ್ತು ಆಡಿಸಿದರು. ಅದರಲ್ಲಿ ಅವರು ಒಂದು ರನ್ ಹೊಡೆದರು, ನಮ್ಮವರು ಹೊಡೆಯಲಿಲ್ಲ.

ಆಮೇಲಿನ ಪಂಚಾಯ್ತಿ ಕೇಳಬೇಕಿತ್ತು ನೀವು. ಒಬ್ಬರು ಗಾಳಿ ಅಂದರು, ಒಬ್ಬರು ಬಿಸಿಲು ಅಂದರು, ಇನ್ನೊಬ್ಬರು ಹಣೆಬರಹ ಅಂದರು. ಎಂಟು ಸುತ್ತಿನ ಆಟ ನಿಂತಿದ್ದು ಹದಿನೇಳು ಇಂಚಿನ ಮೇಲೆ ಎಂದು ಒಬ್ಬರಾದರೂ ಬಾಯಿ ಬಿಡಲಿಲ್ಲ.

"ನೀವೇ ತುಳಿಬ್ಯಾಡಿ ಅಂದಿದ್ರಲ್ಲ ಸಾರ್," ಎಂದಳು ಗೌರಿ, ಅಳುತ್ತಾ.

"ಸುಮ್ನಿರಮ್ಮಿ ನೀನು. ಆ ಪ್ಲೇಟಲ್ಲೇ ಏನೋ ದೋಷ ಅದೆ," ಎಂದರು ಮೇಷ್ಟ್ರು.

ದೋಷವಂತೆ, ನನ್ನಲ್ಲಿ! ಅಳತೆಯಲ್ಲಿ ಒಂದು ಕೂದಲೆಳೆ ವ್ಯತ್ಯಾಸ ತೋರಿಸಲಿ ನೋಡೋಣ.

ಟೀಮು ಹೋಯಿತು. ನನ್ನನ್ನು ಜವಾನ ಬೋರಣ್ಣ ಎತ್ತಿಕೊಂಡು ಹೋಗಿ ಪ್ರಿನ್ಸಿಪಾಲರ ಕೋಣೆಯ ಬಾಗಿಲಿಗೆ ಹಾಕಿದ. ಈಗ ನಾನು ಕಾಲೊರೆಸು. ದಿನಕ್ಕೆ ನೂರು ಜನ ತುಳಿಯುತ್ತಾರೆ, ಕೆಸರು ಒರೆಸುತ್ತಾರೆ. ಪ್ರಿನ್ಸಿಪಾಲರು ಒಳಗೆ ಹೋಗುವಾಗ ಎರಡು ಸಲ, ಹೊರಗೆ ಬರುವಾಗ ಎರಡು ಸಲ ತುಳಿಯುತ್ತಾರೆ. ಚಿಕ್ಕಲಿಂಗಯ್ಯನವರೂ ತುಳಿಯುತ್ತಾರೆ, ಯಾರ ಮೇಲೆ ಕಾಲಿಟ್ಟಿದ್ದೇನೆಂದು ಬಗ್ಗಿಯೂ ನೋಡುವುದಿಲ್ಲ. ಬಣ್ಣ ಹೋಗಿದೆ, ಮೂಲೆಗಳು ಸವೆದಿವೆ.

ಮೊನ್ನೆ ಗೌರಿ ಟಿ.ಸಿ. ತೆಗೆದುಕೊಳ್ಳಲು ಬಂದಿದ್ದಳು. ಬಾಗಿಲಲ್ಲಿ ಗಕ್ಕನೆ ನಿಂತಳು.

"ಬೋರಣ್ಣ, ಇದು ನಮ್ದಲ್ವಾ?"

"ಹೂಂ ಕಣವ್ವ, ಹಳೇದು. ಕಾಲೊರಸ್ಕೊಂಡು ಒಳಿಕ್ಕೋಗು."

ತುಳಿ ಮಗಳೇ, ಇವತ್ತಾದರೂ ತುಳಿ ಎಂದುಕೊಂಡೆ. ಅವಳು ಚಪ್ಪಲಿ ಬಿಟ್ಟಳು. ಬಗ್ಗಿ ನನ್ನನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಲಂಗ ಎತ್ತಿ ಹಿಡಿದು, ನನ್ನನ್ನು ದಾಟಿಕೊಂಡು ಒಳಗೆ ಹೋದಳು.