ಭೀಮಕ್ಕ ಕುಡಿದ ಶರಬತ್ತು

ಕ್ರಿಸ್‌ಮಸ್ ದಿನ ನಮ್ಮ ಮನೆಯಲ್ಲಿ ಕುಡಿಯಲು ಎರಡು ಬಗೆ ಇರುತ್ತಿದ್ದವು. ಒಂದು, ಅವ್ವ ಕೈಯಾರೆ ಕುದಿಸಿ ಸೋಸಿದ ಕಪ್ಪು ದ್ರಾಕ್ಷಿಯ ಶರಬತ್ತು. ಇನ್ನೊಂದು, ಮಕ್ಬುಲಸಾಬರ ಅಂಗಡಿಯಿಂದ ತರಿಸಿದ ಗೋಲಿಸೋಡಾ. ಶರಬತ್ತು ನಮ್ಮ ಸಭೆಯ ಮಂದಿಗೆ, ಸೋಡಾ ಓಣಿಯ ಮಂದಿಗೆ. ಹೀಗೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಗಂಗಾವತಿಯಲ್ಲಿ ಇಂಥವು ಎಲ್ಲರಿಗೂ ಹುಟ್ಟುತ್ತಲೇ ಗೊತ್ತಿರುತ್ತವೆ, ಹೇಳುವ ಕಷ್ಟ ಯಾರಿಗೆ ಬೇಕು?

ಕ್ರೈಸ್ತನಾದವನು ನಮ್ಮಜ್ಜ. ಅದಕ್ಕೂ ಮುಂಚೆ ನಾವು ಯಾವ ಕೇರಿಯಲ್ಲಿದ್ದೆವು ಎಂಬುದನ್ನು ಅಜ್ಜ ಮರೆತ, ಅಪ್ಪ ಮರೆತ, ಊರು ಮಾತ್ರ ಮರೆಯಲಿಲ್ಲ. ಅಪ್ಪನಿಗೆ ಕಾಲುವೆ ಇಲಾಖೆಯಲ್ಲಿ ಕೆಲಸ, ಅವ್ವ ಕರುಣಮ್ಮ ಸರಕಾರಿ ದವಾಖಾನೆಯಲ್ಲಿ ಆಯಾ. ರೈಸ್ ಮಿಲ್ಲಿನ ಹಿಂದಿನ ಓಣಿಯಲ್ಲಿ ನಮಗೆ ಮನೆ ಸಿಕ್ಕಿದ್ದೂ ಅದು ಅಬ್ದುಲಸಾಬರದು ಎಂಬ ಕಾರಣಕ್ಕೆ. ಆದರೂ ಓಣಿಯವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಹಬ್ಬದ ದಿನ ತಪ್ಪದೆ ಬರುತ್ತಿದ್ದರು, ಕಟ್ಟೆಯ ಮೇಲೆ ಕೂತು ಅಪ್ಪನ ಕೈ ಕುಲುಕುತ್ತಿದ್ದರು. ಬಾಳೆಹಣ್ಣು ಸುಲಿದು ತಿನ್ನುತ್ತಿದ್ದರು. ಅವ್ವ ಕರಿದ ಕರ್ಚಿಕಾಯಿಯನ್ನು ಮಾತ್ರ ಮನೆಗೆ ಒಯ್ದು ತಿನ್ನುತ್ತೇವೆಂದು ಸೆರಗಿನಲ್ಲಿ, ಟವೆಲಿನಲ್ಲಿ ಕಟ್ಟಿಕೊಳ್ಳುತ್ತಿದ್ದರು. ಆ ವಾರ ನಮ್ಮ ಓಣಿಯ ನಾಯಿಗಳು ಮೈ ತುಂಬಿಕೊಳ್ಳುತ್ತಿದ್ದುದಂತೂ ನಿಜ.

ಗೋಲಿಸೋಡಾಕ್ಕೆ ಆ ತಕರಾರಿಲ್ಲ. ಯಂತ್ರ ತುಂಬಿದ್ದು, ಗೋಲಿ ಮುಚ್ಚಿದ್ದು. ನಮ್ಮ ಕೈ ತಾಗುವುದು ಬಾಟಲಿಯ ಹೊರಮೈಗೆ ಮಾತ್ರ. ಬಂದವರು ತಾವೇ ಹೆಬ್ಬೆರಳಿನಿಂದ ಗೋಲಿ ಒತ್ತಿ, ಗಟಗಟ ಕುಡಿದು, ಛಲೋ ಆತು ಎನ್ನುತ್ತಿದ್ದರು. ಗೋಲಿ ಒಳಗೆ ಬೀಳುವ ತನಕ ಅದು ಮಕ್ಬುಲಸಾಬರ ಸೋಡಾ, ಬಿದ್ದ ಮೇಲೆ ಕುಡಿಯುವವರದು. ನಡುವೆ ಎಲ್ಲಿಯೂ ಅದು ನಮ್ಮದಾಗುತ್ತಿರಲಿಲ್ಲ.

ಭೀಮಕ್ಕನಿಗೂ ಅದೇ ಸೋಡಾ. ಭೀಮಕ್ಕ ನಮ್ಮ ಪಕ್ಕದ ಮನೆಯಾಕೆ, ಮಿಲ್ಲಿನಲ್ಲಿ ಭತ್ತ ತೂಗುವ ಹೇಮಪ್ಪನ ಹೆಂಡತಿ. ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ಎದೆಮಟ್ಟದ ಒಂದು ಗೋಡೆ. ಅವ್ವ ದವಾಖಾನೆಯಿಂದ ಬಂದು ಮುಖ ತೊಳೆಯುವ ಹೊತ್ತಿಗೆ ಸರಿಯಾಗಿ ಭೀಮಕ್ಕ ಆ ಗೋಡೆಗೆ ಮೊಳಕೈ ಊರಿ ನಿಂತಿರುತ್ತಿದ್ದಳು. ಇಬ್ಬರ ಮಾತು ಮುಗಿದದ್ದನ್ನು ನಾನು ನೋಡಿಲ್ಲ. ಅವಳ ಮೊದಲ ಹೆರಿಗೆ ಮಾಡಿಸಿದವಳು ಅವ್ವನೇ. ಮಳೆ ಹಿಡಿದ ದಿನ, ಬಂಡಿ ಸಿಗಲಿಲ್ಲ, ಕೂಸು ಅಡ್ಡ ತಿರುಗಿತ್ತು. ಹಿತ್ತಲ ಬಾಗಿಲಿನಿಂದ ಒಳಗೆ ಹೋದ ಅವ್ವ ತಾಯಿಯನ್ನೂ ಮಗುವನ್ನೂ ಉಳಿಸಿ ಹೊರಗೆ ಬಂದಳು. ಹೆರಿಗೆಯ ಕೋಣೆ ಹೇಗೂ ಮೈಲಿಗೆ, ಅಲ್ಲಿ ಯಾರ ಕೈಯಾದರೇನು? ಅಂದಿನಿಂದ ಭೀಮಕ್ಕ ಅವ್ವನನ್ನು ಅಕ್ಕ ಎಂದೇ ಕರೆದಳು. ಆ ಕರೆಯುವುದರಲ್ಲಿ ಸುಳ್ಳು ಇರಲಿಲ್ಲ. ಅದನ್ನು ನಾನು ಎಷ್ಟು ಸಿಟ್ಟಿನಲ್ಲಿದ್ದರೂ ಒಪ್ಪುತ್ತೇನೆ.

ಒಂದು ವರ್ಷ ಅವ್ವ ಧೈರ್ಯ ಮಾಡಿ ಅವಳ ಮುಂದೆ ಶರಬತ್ತಿನ ಗ್ಲಾಸು ಹಿಡಿದಿದ್ದಳು. ಭೀಮಕ್ಕ ತನಗೆ ಸಿಹಿ ಒಗ್ಗುವುದಿಲ್ಲ ಎಂದಳು. ಅವಳು ದಿನಾ ಬೆಲ್ಲದ ತುಂಡು ಕಡಿಯುತ್ತ ಗೋಡೆಗೆ ಬರುವವಳು. ಅವ್ವ ನಕ್ಕಳು, ಗ್ಲಾಸನ್ನು ನಾನು ಕುಡಿದೆ.

ಎಂಬತ್ತನಾಲ್ಕರ ಕ್ರಿಸ್‌ಮಸ್ ಅವ್ವನ ಕೊನೆಯದಾಯಿತು. ನಾನಾಗ ಕೊಪ್ಪಳದಲ್ಲಿ ಶಿಕ್ಷಕಿಯರ ತರಬೇತಿಯಲ್ಲಿದ್ದೆ, ರಜೆಗೆ ಬಂದಿದ್ದೆ. ಹೊಟ್ಟೆಯ ಗಡ್ಡೆ ಬೆಳೆದು ಕೈಮೀರಿದೆ ಎಂದು ಬಳ್ಳಾರಿಯ ಡಾಕ್ಟರು ಅಪ್ಪನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಅವ್ವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಷ್ಟು ವರ್ಷ ದವಾಖಾನೆಯಲ್ಲಿ ಇದ್ದವಳು, ಡಾಕ್ಟರು ಪಕ್ಕಕ್ಕೆ ಕರೆಯುವುದರ ಅರ್ಥ ಅವಳಿಗೆ ಗೊತ್ತಿತ್ತು. ಮನೆಗೆ ಬಂದವಳೇ ಹಬ್ಬಕ್ಕೆ ಹೊಸಪೇಟೆಯಿಂದ ದ್ರಾಕ್ಷಿ ತರಿಸಲು ಅಪ್ಪನಿಗೆ ತಾಕೀತು ಮಾಡಿದಳು. ಮಾಮೂಲಿಗಿಂತ ಹೆಚ್ಚು ಬೇಕಂತೆ.

ಒಲೆಯ ಮುಂದೆ ನಿಲ್ಲಲು ಆಗದೆ ಸ್ಟೂಲಿನ ಮೇಲೆ ಕೂತು ದ್ರಾಕ್ಷಿ ಕುದಿಸಿದಳು. ಲವಂಗ, ಏಲಕ್ಕಿ, ಜಜ್ಜಿದ ಹಸಿಶುಂಠಿ ಬಿದ್ದು ಮನೆಯೆಲ್ಲ ಘಮಘಮ. ನಮ್ಮ ಸಭೆಯಲ್ಲಿ ಹುಳಿ ಬಂದ ರಸ ನಿಷಿದ್ಧ, ಅದಕ್ಕೇ ಚೆನ್ನಾಗಿ ಕುದಿಯಬೇಕು. ಸೋಸುವಾಗ ಬಟ್ಟೆ ಹಿಂಡಲು ಕೈಯಲ್ಲಿ ಕಸುವಿರಲಿಲ್ಲ, ನಾನು ಹಿಂಡಿದೆ. ಆಗಲೇ ಅವಳು ತನ್ನ ಮನಸ್ಸಿನಲ್ಲಿರುವುದನ್ನು ಹೇಳಿದ್ದು. ಈ ಸಲ ಭೀಮಕ್ಕ ಇದನ್ನು ಕುಡಿಯಬೇಕಂತೆ.

ನನಗೆ ಮೈಯೆಲ್ಲ ಉರಿಯಿತು. ಕೂಸು ಹೊರಗೆ ಎಳೆಯಲು ಆಗುವ ಕೈ ಒಂದು ಗ್ಲಾಸು ಶರಬತ್ತಿಗೆ ಆಗುವುದಿಲ್ಲವೇ, ಅವಳ ಮಗನ ಬಾಯಿಗೆ ಮೊದಲ ಸಕ್ಕರೆ ನೀರು ಹಾಕಿದ್ದು ಯಾರು, ಅಂಥವಳ ಮರ್ಜಿ ನಿನಗೇಕೆ ಎಂದು ಕೂಗಾಡಿದೆ. ಅವ್ವ ನನ್ನ ಕೂಗು ಮುಗಿಯುವ ತನಕ ಚಮಚದಿಂದ ನೊರೆ ತೆಗೆಯುತ್ತಿದ್ದಳು.

"ನಾ ಸತ್ತ ಮ್ಯಾಲೆ ಆಕಿ ಅಳ್ತಾಳ, ನೆನಸ್ತಾಳ, ಎಲ್ಲಾ ಮಾಡ್ತಾಳ. ನನಗ ಅದು ಗೊತ್ತೈತಿ," ಎಂದಳು. "ನಾ ಇರೂವಾಗ ನನ್ನ ಕೈದೊಂದು ಗುಟುಕು ಕುಡೀಬೇಕು ಆಕಿ. ನನಗ ಅಷ್ಟ ಬೇಕು."

ಸಾಯುವವಳ ಆಸೆಗೆ ಎದುರಾಡುವುದು ಹೇಗೆ? ನಾನು ಬಟ್ಟೆಯಲ್ಲಿದ್ದ ದ್ರಾಕ್ಷಿ ಸಿಪ್ಪೆ ಕೊಡವಲು ಹಿತ್ತಲಿಗೆ ಹೋದೆ. ಅಲ್ಲಿ ನಿಂತು ಅತ್ತೆ.

ಮರುದಿನ ಅವ್ವ ಮಕ್ಬುಲಸಾಬರನ್ನು ಮನೆಗೆ ಕರೆಸಿದಳು. ಬಣ್ಣದ ಸೋಡಾ ಮಾಡುವಾಗ ಅವರು ಬಾಟಲಿಯ ತಳಕ್ಕೆ ಸಿಹಿಪಾಕ ಹಾಕಿ, ಆಮೇಲೆ ಯಂತ್ರಕ್ಕೆ ಕೊಟ್ಟು ನೀರು, ಗ್ಯಾಸು ತುಂಬುತ್ತಿದ್ದರು. ಆ ಪಾಕದ ಬದಲು ತನ್ನ ದ್ರಾಕ್ಷಿರಸ ಹಾಕಿ ಒಂದಿಷ್ಟು ಬಾಟಲಿ ತುಂಬಿಕೊಡಲು ಅವ್ವ ಕೇಳಿದಳು. ಯಾರಿಗೆ ಎಂದು ಮಕ್ಬುಲಸಾಬರು ಕೇಳಿದರು. ಅವ್ವ ಹಿತ್ತಲ ಗೋಡೆಯ ಕಡೆ ನೋಡಿದಳು. ಅವರು ಬಹಳ ಹೊತ್ತು ಗಡ್ಡ ಕೆರೆದುಕೊಂಡರು. ಗೊತ್ತಾದರೆ ನಾಳೆ ತನ್ನ ಸೋಡಾವನ್ನೂ ಯಾರೂ ಮುಟ್ಟುವುದಿಲ್ಲ ಎಂದರು. ಅದು ಸುಳ್ಳೇನಲ್ಲ. ಆಮೇಲೆ ಅವ್ವನ ಬತ್ತಿದ ಮುಖ, ಊದಿದ ಪಾದ ನೋಡಿ ಎದ್ದು ನಿಂತು ರಸದ ಪಾತ್ರೆ ಎತ್ತಿಕೊಂಡರು. ಹಬ್ಬದ ಬೆಳಿಗ್ಗೆ ನಮ್ಮ ಮನೆಗೆ ಬಂದ ಪೆಟ್ಟಿಗೆಯ ಒಂದು ಮೂಲೆಯಲ್ಲಿ ನೇರಳೆ ಬಣ್ಣದ ಬಾಟಲಿಗಳು ಇದ್ದವು.

ಪ್ರಾರ್ಥನೆ ಮುಗಿಸಿ ಬಂದು ಅವ್ವ ಹಿತ್ತಲಲ್ಲಿ ಬಿಸಿಲಿಗೆ ಹಾಕಿದ ಹೊರಸಿನ ಮೇಲೆ ಒರಗಿದಳು. ಹೊಸ ಸೀರೆ ಮೈಮೇಲೆ ನಿಲ್ಲುತ್ತಿರಲಿಲ್ಲ. ಮುಂದಿನ ಕಟ್ಟೆಯ ಮೇಲೆ ಅಪ್ಪ ಬಂದವರನ್ನು ನೋಡಿಕೊಳ್ಳುತ್ತಿದ್ದ. ಭೀಮಕ್ಕ ಮಾತ್ರ ಹಿತ್ತಲಿಗೇ ಬಂದಳು. ಕಿತ್ತಳೆ ಹಣ್ಣು ತಂದಿದ್ದಳು, ಅವ್ವನ ಹೊರಸಿನ ಅಂಚಿಗೆ ಕೂತಳು. ಅವ್ವನ ಕಾಲು ಒತ್ತಲೂ ತೊಡಗಿದಳು. ಹೌದು, ಮುಟ್ಟಿದಳು. ಮುಟ್ಟಲು ಅವಳಿಗೆ ಅಡ್ಡಿಯಿರಲಿಲ್ಲ, ಕುಡಿಯಲು ಮಾತ್ರ. ಈ ಲೆಕ್ಕ ಯಾವ ದೇವರು ಬರೆದದ್ದೋ, ಯಾವ ಸಾಲೆಯಲ್ಲಿ ಕಲಿಸುತ್ತಾರೋ, ಶಿಕ್ಷಕಿಯಾಗಿ ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ.

ನಾನು ನೇರಳೆ ಬಾಟಲಿ ತಂದು ಕೊಟ್ಟೆ. ಭೀಮಕ್ಕ ಅದನ್ನು ಬಿಸಿಲಿಗೆ ಹಿಡಿದು ನೋಡಿ, ಇದೇನು ಹೊಸಾದು ಎಂದು ನಕ್ಕಳು. ಗೋಲಿ ಒತ್ತಿದಳು. ಕುಡಿದಳು. ಒಮ್ಮೆ ನಿಲ್ಲಿಸಿ ತುಟಿ ಚಪ್ಪರಿಸಿ, ಮತ್ತೆ ಕುಡಿದಳು. ಅವ್ವ ಕಣ್ಣು ಮಿಟುಕಿಸದೆ ಅವಳ ಗಂಟಲನ್ನೇ ನೋಡುತ್ತಿದ್ದಳು. ಬಾಟಲಿ ಖಾಲಿಯಾಯಿತು. ಅವ್ವ ಬೇಡಿದ್ದು ಅಷ್ಟೇ, ಅಲ್ಲಿಗೆ ಮುಗಿಯಬೇಕಿತ್ತು.

ಭೀಮಕ್ಕ ಬಾಯೊರೆಸಿಕೊಂಡು, "ಇಷ್ಟು ದಿನ ಎಲ್ಲಿಟ್ಟಿದ್ದನಬೇ ಮಕ್ಬುಲಸಾಬ ಇದನ್ನ?" ಎಂದಳು. "ಏನ ರುಚಿ ಐತಿ. ಅವನ ಕೈಗೆ ಬಂಗಾರದ ಕಡಗ ಹಾಕಬೇಕು ನೋಡಕ್ಕ."

ಅವ್ವನ ಮುಖ ನೋಡಿದೆ. ಅಲ್ಲಿ ಇದ್ದ ನಗು ಸಣ್ಣಗೆ ಸರಿದುಹೋಯಿತು. ಅವಳ ಕೈಗೆ ಬರಬೇಕಾದ ಮಾತು ಪಕ್ಕದ ಬೀದಿಯ ಅಂಗಡಿಗೆ ಹೋಗಿತ್ತು. ಆಗ ನನಗೆ ಅರ್ಥವಾಯಿತು, ಅವಳಿಗೆ ಬೇಕಾದದ್ದು ಭೀಮಕ್ಕ ಕುಡಿಯುವುದಲ್ಲ, ಯಾರದೆಂದು ಗೊತ್ತಿದ್ದೂ ಕುಡಿಯುವುದು. ಹೇಳಬೇಡ ಎಂದು ನಾನು ತಲೆಯಾಡಿಸಿದೆ. ಅವ್ವ ನನ್ನ ಕಡೆ ನೋಡಲೇ ಇಲ್ಲ. ಒಳಗೆ ಹೋಗಿ ಇನ್ನೊಂದು ತಾ ಎಂದು ಭೀಮಕ್ಕ ನನಗೆ ಹೇಳುತ್ತಿದ್ದಳು. ಅವ್ವ ಅವಳ ಕೈ ಹಿಡಿದಳು.

"ಅದು ನಾ ಮಾಡಿದ್ದು, ಭೀಮಕ್ಕ."

ಭೀಮಕ್ಕ ಮೊದಲು ನಕ್ಕಳು, ತಮಾಷೆ ಎಂದುಕೊಂಡು. ಆಮೇಲೆ ನನ್ನ ಮುಖ ನೋಡಿದಳು. ನನ್ನ ಮುಖ ಎಂದೂ ಏನನ್ನೂ ಮುಚ್ಚಿಟ್ಟದ್ದಲ್ಲ. ಅವ್ವ ಮೆಲ್ಲಗೆ ಎಲ್ಲವನ್ನೂ ಹೇಳಿದಳು, ದ್ರಾಕ್ಷಿ ತರಿಸಿದ್ದು, ಕುದಿಸಿದ್ದು, ಬಾಟಲಿಗೆ ತುಂಬಿಸಿದ್ದು. ಮಕ್ಬುಲಸಾಬರ ತಪ್ಪೇನಿಲ್ಲ, ತಾನೇ ಕೈಮುಗಿದು ಮಾಡಿಸಿದ್ದು ಎಂದಳು. ಭೀಮಕ್ಕ ಬಾಟಲಿಯನ್ನು ನೆಲಕ್ಕೆ ಇಟ್ಟಳು. ಎಸೆಯಲಿಲ್ಲ, ಮೆತ್ತಗೆ ಇಟ್ಟಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು.

"ಹೇಳಬಾರದಿತ್ತು ಅಕ್ಕ ನೀ," ಎಂದಳು. "ಹೇಳದಿದ್ದರ ಇನ್ನೊಂದು ಕುಡೀತಿದ್ನಿ."

ಎದ್ದು ಹೋದಳು. ಹೋಗುವಾಗ ಸೆರಗು ನಮ್ಮ ಹೊರಸಿಗೆ ಸಿಕ್ಕಿಕೊಂಡಿತು, ಬಿಡಿಸಿಕೊಂಡು ಹೋದಳು. ಅವ್ವ ಅವಳು ಕೂತಿದ್ದ ಜಾಗದ ಮೇಲೆ ಕೈಯಿಟ್ಟುಕೊಂಡು ಹಾಗೇ ಇದ್ದಳು. ಮುಂದಿನ ಕಟ್ಟೆಯಲ್ಲಿ ಯಾರೋ ಅಪ್ಪನಿಗೆ ಹಬ್ಬದ ಶುಭಾಶಯ ಹೇಳಿ ನಗುತ್ತಿದ್ದರು.

ಸ್ವಲ್ಪ ಹೊತ್ತಿಗೆ ಗೋಡೆಯಾಚೆ ನೀರಿನ ಸದ್ದು ಕೇಳಿತು. ಅವರ ಬಚ್ಚಲು ನಮ್ಮ ಗೋಡೆಗೆ ಅಂಟಿಕೊಂಡೇ ಇತ್ತು. ಒಂದು ತಂಬಿಗೆ, ಮತ್ತೊಂದು ತಂಬಿಗೆ. ತಲೆಯ ಮೇಲಿಂದ ಸುರಿದುಕೊಂಡ ನೀರು ಕಲ್ಲಿನ ಮೇಲೆ ಬೀಳುವ ಸದ್ದು, ನಡುನಡುವೆ ಬಿಕ್ಕುವ ಸದ್ದು. ಬೆಳಿಗ್ಗೆ ಎರೆದುಕೊಂಡು ಹೂ ಮುಡಿದು ಬಂದವಳು ಮತ್ತೆ ಮೈ ತೊಳೆಯುತ್ತಿದ್ದಳು. ನನ್ನ ಅವ್ವನನ್ನು ತೊಳೆದುಕೊಳ್ಳುತ್ತಿದ್ದಳು. ಗೋಡೆಯ ಮೇಲೆ ಹತ್ತಿ ನಿಂತು ಅವಳ ಮುಖದ ಮೇಲೆ ನಾಲ್ಕು ಮಾತು ಒಗೆಯಬೇಕೆಂದು ಎದ್ದೆ. ಅವ್ವ ನನ್ನ ಮಣಿಕಟ್ಟು ಹಿಡಿದಳು. ಅಷ್ಟು ಕಸುವು ಎಲ್ಲಿತ್ತೋ.

ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ತಲೆ ಓರೆ ಮಾಡಿ ಆ ನೀರಿನ ಸದ್ದನ್ನೇ ಕೇಳುತ್ತಿದ್ದಳು.

"ತಣ್ಣೀರು ಹಾಕ್ಕೊಳ್ಳಾಕತ್ತಾಳ," ಎಂದಳು. "ಮೊನ್ನೆ ಜ್ವರದಾಗಿಂದ ಎದ್ದಾಕಿ. ನಮ್ಮ ಒಲಿ ಮ್ಯಾಲೆ ನೀರು ಕಾದಾವ ಎಸ್ತೇರ, ಒಂದು ಕೊಡ ಒಯ್ದು ಕೊಡು ಆಕಿಗೆ."

ನಾನು ಅಲ್ಲಾಡದೆ ನಿಂತೆ. ಅವ್ವ ನನ್ನ ಮುಖ ನೋಡಿದಳು, ನಾನೇಕೆ ಹೋಗುತ್ತಿಲ್ಲ ಎಂಬಂತೆ. ಆಮೇಲೆ ಅವಳ ಕೈ ನನ್ನ ಮಣಿಕಟ್ಟಿನಿಂದ ತಾನಾಗಿ ಜಾರಿತು.

"ಕುಂದರು," ಎಂದಳು. "ನಮ್ಮ ನೀರು ನಡಿಯಾಂಗಿಲ್ಲಲ್ಲ."

ಆಚೆ ಭೀಮಕ್ಕ ಇನ್ನೊಂದು ತಂಬಿಗೆ ಸುರಿದುಕೊಂಡಳು.