ಮೊರಾಕ್ಕೊಗೆ ಹೋದ ಟ್ಯಾಂಕರು

ಆ ಒಂದು ಪೀರಿಯಡ್ಡಿನಲ್ಲಿ ನೀಲಾಂಬಿಕಾಳ ಕೆಲಸದ ತೀರ್ಮಾನವಾಗಬೇಕಿತ್ತು. ವರ್ತೂರಿನ ಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು ಬಿಟ್ಟುಹೋಗಿದ್ದರು. ಹತ್ತನೇ ತರಗತಿಗೆ ಪಾಠ ಮಾಡಿ ತೋರಿಸಿ, ಆಮೇಲೆ ನೋಡೋಣ ಎಂದಿದ್ದರು ಹೆಡ್‌ಮಿಸ್ ಸೀತಾ ಮೇಡಂ. ಪಾಠ, ಮೊದಲ ಮಹಾಯುದ್ಧದ ಕಾರಣಗಳು.

ಪಟ್ಟಂದೂರು ಅಗ್ರಹಾರದ ಬಾಡಿಗೆ ಕೋಣೆಯಿಂದ ಹೊರಟಾಗ ಅವಳಿಗೆ ಕೆಲಸ ಸಿಕ್ಕೇಬಿಟ್ಟಿದೆ ಎನ್ನುವಷ್ಟು ಧೈರ್ಯ. ಕೊಪ್ಪಳದ ಅಜ್ಜಿ ದೇವಕ್ಕನ ಮಡಿಲಲ್ಲಿ ಕಥೆ ಕೇಳುತ್ತ ಬೆಳೆದವಳು ಅವಳು. ಅಜ್ಜಿ ಏಳು ಸಮುದ್ರದಾಚೆಯ ರಾಜನನ್ನೂ ತಮ್ಮ ಓಣಿಯ ಬಾವಿಕಟ್ಟೆಗೇ ಕರೆತರುತ್ತಿದ್ದಳು. ರಾಜ ಅಲ್ಲಿ ಚಪ್ಪಲಿ ಬಿಟ್ಟು ನೀರು ಕೇಳುತ್ತಿದ್ದ.

ಹಿಂದಿನ ಬೆಂಚಿನಲ್ಲಿ ಮೇಡಂ ಪಕ್ಕ ಬಿಳಿ ಅಂಗಿಯ ಹಿರಿಯರೊಬ್ಬರು ಕೂತಿದ್ದರು. ಆಡಳಿತ ಮಂಡಳಿಯವರು ಎಂದಷ್ಟೇ ಅವಳಿಗೆ ಗೊತ್ತು.

ನೀಲಾಂಬಿಕಾ ಪುಸ್ತಕ ಮುಚ್ಚಿಟ್ಟು ಬೋರ್ಡಿನ ಮೇಲೆ ಆಫ್ರಿಕಾದ ನಕ್ಷೆ ಬರೆದಳು. ಅದರೊಳಗೆ ರಸ್ತೆಗಳನ್ನೆಳೆದಳು. ಬೋರ್‌ವೆಲ್ ಬತ್ತಿದ ಒಂದೂರಿನಲ್ಲಿ ಇಬ್ಬರು ಟ್ಯಾಂಕರ್ ಮಾಲೀಕರಿದ್ದರಂತೆ. ಒಬ್ಬನ ರಸ್ತೆಗೆ ಇನ್ನೊಬ್ಬನ ಟ್ಯಾಂಕರು ಬಂದರೆ ಚಕ್ರದ ಗಾಳಿ ಹೋಗುತ್ತಿತ್ತಂತೆ. ಅವರೇ ಬ್ರಿಟನ್ನು, ಫ್ರಾನ್ಸು. ನೈಲ್ ನದಿಯ ದಂಡೆಯಲ್ಲಿ, ಫಶೋಡಾ ಎಂಬಲ್ಲಿ, ಇಬ್ಬರ ದಂಡೂ ಎದುರುಬದುರು ನಿಂತು ಇನ್ನೇನು ಬಡಿದಾಡಬೇಕು, ಫ್ರಾನ್ಸು ಹಲ್ಲು ಕಚ್ಚಿ ಹಿಂದೆ ಸರಿಯಿತು. ಅಷ್ಟರಲ್ಲಿ ಮೂರನೆಯವನೊಬ್ಬ ಹೊಸ ಟ್ಯಾಂಕರು ತಂದು, ನನಗೂ ರಸ್ತೆ ಬೇಕು ಎಂದ. ಅವನೇ ಜರ್ಮನಿ.

ತರಗತಿಯಲ್ಲಿ ಕಿಸಕಿಸ ನಗು ಎದ್ದಿತು. ಮಕ್ಕಳೆಲ್ಲ ಹಿಂದೆ ತಿರುಗಿ ನೋಡುತ್ತಿದ್ದರು. ಮುಂದಿನ ಬೆಂಚಿನ ಶರಣ್ಯ ಮೆಲ್ಲಗೆ ಹೇಳಿದಳು:

"ಮಿಸ್, ಅವ್ರು ಯಂಕಪ್ಪ ಸಾರ್. ಹಸಿರು ಟ್ಯಾಂಕರೆಲ್ಲ ಅವ್ರದ್ದೇ. ಸ್ಕೂಲೂ ಅವ್ರದ್ದೇ."

ಸೀತಾ ಮೇಡಂ ಹಣೆ ಒತ್ತಿಕೊಂಡರು. ಆದರೆ ಕಥೆಯನ್ನು ನಡುವೆ ಬಿಡುವ ರೂಢಿ ಅಜ್ಜಿಯ ಮನೆಯಲ್ಲಿ ಇರಲಿಲ್ಲ. ರಾಜನೇ ಬಾವಿಕಟ್ಟೆಗೆ ಬಂದು ಕೂತಿದ್ದಾನೆ, ಅವನನ್ನೇ ಕೇಳಿದರಾಯಿತು.

"ಸಾರ್, ನೀವೇ ಹೇಳಿ. ಮೂರನೆಯವನು ಬಂದಾಗ ಮೊದಲಿನಿಬ್ಬರು ಏನು ಮಾಡ್ತಾರೆ?"

ಯಂಕಪ್ಪ ಮೀಸೆ ಸವರಿಕೊಂಡರು. "ಏನ್ ಮಾಡ್ತಾರಮ್ಮ, ರಾಜಿ ಆಯ್ತಾರೆ. ನಂಗೂ ಆ ಇನ್ನೊಬ್ಬ ಟ್ಯಾಂಕರ್ ಮರೆಪ್ಪಂಗೂ ಮಾತೇ ಇರ್ನಿಲ್ಲ. ಬೆಳ್ಳಂದೂರಿನೋನು ಗಾಡಿ ತಂದ ನೋಡು, ಒಂದೇ ಓಟ್ಲಲ್ಲಿ ಕುಂತು ಟೀ ಕುಡುದ್ವಿ. ಕೆರೆ ಕಡೆ ರಸ್ತೆ ನೀನಿಟ್ಕೊ, ಗುಂಜೂರು ಕಡೇದು ನಂಗ್ ಬಿಡು ಅಂದೆ. ಅಷ್ಟೇಯ."

ಅದೇ ಸಾರ್, ಎಂದು ನೀಲಾಂಬಿಕಾ ಹುರುಪಿನಿಂದ ಬೋರ್ಡಿನತ್ತ ತಿರುಗಿದಳು. ಈಜಿಪ್ಟು ನಿನಗೆ, ಮೊರಾಕ್ಕೊ ನನಗೆ ಎಂದು ಹಳೆಯ ಶತ್ರುಗಳು ಕೈ ಕುಲುಕಿದರು. ಮರುವರ್ಷ ಜರ್ಮನಿಯ ಚಕ್ರವರ್ತಿ ಮೊರಾಕ್ಕೊಗೇ ಬಂದಿಳಿದು, ನಿಮ್ಮ ಜೊತೆ ನಾನಿದ್ದೇನೆ ಎಂದು ಅಲ್ಲಿಯವರಿಗೆ ಹೇಳಿದ. ಬ್ರಿಟನ್ನು, ಫ್ರಾನ್ಸು ಇಬ್ಬರನ್ನೂ ಬೇರೆ ಮಾಡುವ ಲೆಕ್ಕಾಚಾರ ಅದು. ಅವರು ಇನ್ನಷ್ಟು ಅಂಟಿಕೊಂಡರು. ಹೀಗೆ ಗುಂಪುಗಳು ಗಟ್ಟಿಯಾದವು. ಯಂಕಪ್ಪ ತಲೆದೂಗುತ್ತಲೇ ಇದ್ದರು.

ಆಗ ಶರಣ್ಯ ಎದ್ದು ನಿಂತಳು. "ಮಿಸ್, ನೀರು ತಗೊಳೋ ಮನೆಯವ್ರನ್ನ ಯಾರಾದ್ರೂ ಕೇಳಿದ್ರಾ?"

ಪಾಠವನ್ನು ಇಲ್ಲಿಗೇ ಮುಗಿಸಿದರೆ ಕೆಲಸ ಸಿಕ್ಕಂತೆಯೇ ಎಂಬುದು ನೀಲಾಂಬಿಕಾಳಿಗೆ ಗೊತ್ತಿತ್ತು. ಆದರೆ ಕೇಳಿದ ಮಗು ಎದುರಿಗೇ ನಿಂತಿತ್ತು.

"ಇಲ್ಲ. ಮೊರಾಕ್ಕೊವನ್ನ ಕೇಳಲಿಲ್ಲ, ಈಜಿಪ್ಟನ್ನ ಕೇಳಲಿಲ್ಲ. ಕೊನೆಗೆ ಯುದ್ಧ ಆದಾಗ ನಮ್ಮ ದೇಶವನ್ನೂ ಕೇಳಲಿಲ್ಲ. ನಮ್ಮವರು ಹೋಗಿ ಸತ್ತರು."

"ವರ್ತೂರಲ್ಲಿ ಕೇಳಿದ್ರಾ, ಮಿಸ್?"

"ಅದನ್ನ ಸಾರ್ ಹೇಳಬೇಕು," ಎಂದು ಸೀಮೆಸುಣ್ಣ ಕೆಳಗಿಟ್ಟಳು.

ಯಂಕಪ್ಪ ಬೋರ್ಡಿನ ರಸ್ತೆಗಳನ್ನು ನೋಡಿದರು. "ಕೇಳಿರ್ನಿಲ್ಲ," ಎಂದರು. ಗಂಟೆ ಹೊಡೆಯಿತು. ಎದ್ದವರು ಬಾಗಿಲಲ್ಲಿ ನಿಂತು, ಆ ಜರ್ಮನಿಯೋನು ಕೊನೆಗೆ ಏನಾದ ಎಂದು ಕೇಳಿದರು.

"ಯುದ್ಧ ಸೋಮವಾರ ಶುರು ಮಾಡ್ತೀನಿ, ಸಾರ್."

ಯಂಕಪ್ಪ ಸೀತಾ ಮೇಡಂ ಕಡೆ ತಿರುಗಿ ನಕ್ಕರು. "ಸೋಮವಾರ ಅಂತ ಅವ್ರೇ ಅಂದ್ಬುಟ್ರಲ್ಲ ಮೇಡಂ. ಮೇಷ್ಟ್ರ ಹಾಜರಿ ಬುಕ್ಕಲ್ಲಿ ಹೆಸ್ರು ಬರ್ಕಳಿ."